ಸಿಸ್ಟರ್‌ಗೆ ಒಂದು ಕಷ್ಟ ಬೇಕಿತ್ತು

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನರ್ಸಮ್ಮ ಆಫ್ರಿಕಾಕ್ಕೆ ಹೊರಟಿದ್ದಾರೆ ಎಂಬ ಸುದ್ದಿ ನನಗೆ ತಿಳಿದದ್ದು ಅವರ ತೋಳಿನಿಂದ. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಬಂದಿದ್ದರು. ತೋಳು ನೋಯುತ್ತಿದ್ದುದರಿಂದ ನೀರಿನ ಕೊಡ ಎತ್ತಲಾಗದೆ ಮೆಟ್ಟಿಲ ಮೇಲೆ ಕೂತಿದ್ದರು. ಬೇರೆ ಯಾರಾದರೂ ಆಗಿದ್ದರೆ ಕೊಡ ಮೇಲಿಟ್ಟು ಬಂದು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ನಾನು ಕೊಡ ಮೇಲಿಟ್ಟು, ಅಲ್ಲೇ ಅವರ ಮಂಚದ ಮೇಲೆ ಕೂತು, ಯಾಕೆ, ಎಲ್ಲಿಗೆ, ಯಾರ ಜೊತೆ, ಅಲ್ಲಿ ಊಟಕ್ಕೆ ಏನು ಕೊಡುತ್ತಾರೆ ಎಂದು ಎಲ್ಲವನ್ನೂ ಕೇಳಿಕೊಂಡೇ ಕೆಳಗಿಳಿದೆ. ಕಂಡವರ ವಿಷಯದಲ್ಲಿ ಮೂಗು ತೂರಿಸುವುದು ನನ್ನ ಹುಟ್ಟುಗುಣ. ನನ್ನ ಗಂಡ ಅದನ್ನು ಕಾಯಿಲೆ ಎನ್ನುತ್ತಾರೆ. ಶಾಲೆಯಲ್ಲಿ ಕನ್ನಡ ಕಲಿಸುವವಳು ನಾನು, ಪ್ರಶ್ನೆ ಕೇಳಿಯೇ ಸಂಬಳ ತಗೊಳ್ಳುವುದು ಎಂದು ನಾನು ಹೇಳುತ್ತೇನೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಕಲ್ಯಾಣ ನಗರ ಆಗ ಪೂರ್ತಿ ನಗರವೂ ಆಗಿರಲಿಲ್ಲ, ಹಳ್ಳಿಯಾಗಿಯೂ ಉಳಿದಿರಲಿಲ್ಲ. ನನ್ನ ಅತ್ತೆಯವರ ಹೊಲಗಳೆಲ್ಲ ಸೈಟುಗಳಾಗಿ, ಮನೆಯ ಸುತ್ತ ಉಳಿದ ಜಾಗದಲ್ಲಿ ನಾವು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೆವು. ಬಾಡಿಗೆಗೆ ಬಂದಾಕೆ ಶಿವಾಜಿನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ವಯಸ್ಸು ನಲವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಕೋಲಾರದ ಕಡೆಯವರು, ಮುತ್ತಾತನ ಕಾಲದಿಂದ ಕ್ರೈಸ್ತರು. ನಾವು ಅವರನ್ನು ಸಿಸ್ಟರ್ ಎಂದು ಕರೆಯುತ್ತಿದ್ದೆವು. ಅತ್ತೆ ಮಾತ್ರ 'ಏ ಹುಡ್ಗಿ' ಎನ್ನುತ್ತಿದ್ದರು.

ರಿಚರ್ಡ್ಸ್ ಟೌನ್‌ನಲ್ಲಿದ್ದ ಅವರ ಚರ್ಚಿನಿಂದ ಒಂದು ಸಣ್ಣ ತಂಡ ಕೀನ್ಯಾದ ಹಳ್ಳಿಯೊಂದಕ್ಕೆ ಹೋಗುವುದಿತ್ತು. ಹಗಲು ಕ್ಲಿನಿಕ್ಕು, ಸಂಜೆ ಪ್ರಾರ್ಥನೆ ಕೂಟ. ಹೊರಡುವ ಮುಂಚಿನ ತಯಾರಿ ನನ್ನ ಕಣ್ಣೆದುರೇ ನಡೆಯಿತು, ನಾನು ಅದರಲ್ಲಿ ಒಂದನ್ನೂ ಬಿಡಲಿಲ್ಲ. ಸಿಸ್ಟರ್ ನಿಂತು ತೂಕ ನೋಡುವ ಮಿಷನ್ ತಂದು ಸೂಟ್‌ಕೇಸನ್ನು ಅದರ ಮೇಲೆ ನಿಲ್ಲಿಸಿ, ಒಂದು ಸೀರೆ ತೆಗೆದು ಬ್ಯಾಂಡೇಜಿನ ಕಟ್ಟು ಇಡುವರು, ಮತ್ತೆ ಸೀರೆ ನೋಡುವರು. ಅಲ್ಲಿನ ಮಕ್ಕಳಿಗೆ ಆಡಿಸಿ ತೋರಿಸಲೆಂದು ಕಾಲುಚೀಲದಲ್ಲಿ ಗೊಂಬೆ ಹೊಲಿದರು. ಸ್ವಾಹಿಲಿ ಭಾಷೆಯ ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತ ಹಾಡುತ್ತಿದ್ದರು. ಶನಿವಾರಗಳಲ್ಲಿ ಇಡೀ ತಂಡ ನಮ್ಮ ತಾರಸಿಗೇ ಬರುತ್ತಿತ್ತು. ಒಬ್ಬರಿಗೆ ತಮಿಳು, ಒಬ್ಬರಿಗೆ ಮಲಯಾಳ, ಇನ್ನೊಬ್ಬರಿಗೆ ಇಂಗ್ಲಿಷು ಬಿಟ್ಟರೆ ಬೇರೆ ಬಾರದು. ಎಲ್ಲರೂ ಸೇರಿ ಸ್ವಾಹಿಲಿಯಲ್ಲಿ ಹಾಡುವಾಗ ಮಾತ್ರ ಎಲ್ಲರೂ ಒಂದೇ ಥರ ತಪ್ಪು ಮಾಡುತ್ತಿದ್ದರು. ನನಗೆ ಎರಡು ಹಾಡು ಬಾಯಿಪಾಠವಾದವು.

ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದಲೇ ನಮ್ಮನ್ನು ಎಚ್ಚರಿಸಿದರು.

"ಹುಷಾರು ಕಣ್ರೀ, ಮೊದ್ಲು ಹಾಡು ಕಲಿಸ್ತಾರೆ, ಆಮೇಲೆ ನಿಮ್ಮನ್ನೇ ಆ ಕಡೆ ಎಳ್ಕೊಂಡ್ಬಿಡ್ತಾರೆ."

ಅತ್ತೆ ಎಲೆಯಡಿಕೆ ಜಗಿಯುತ್ತ ಕೂತಿದ್ದರು. "ಅವಳು ನೀರಿನ ಮೋಟ್ರು ಆಫ್ ಮಾಡೋದೇ ಮರೀತಾಳೆ, ನನ್ನ ಯಾವ ಕಡೆ ಎಳೀತಾಳೆ ಬಿಡು" ಎಂದರು.

ತಯಾರಿಯಲ್ಲಿ ಎಲ್ಲ ಸರಿಯಾಗಿತ್ತು, ಒಂದು ಬಿಟ್ಟು. ತಂಡದ ಪ್ರತಿಯೊಬ್ಬರೂ ಅಲ್ಲಿ ಜನರ ಮುಂದೆ ನಿಂತು ಮೂರು ನಿಮಿಷದಲ್ಲಿ ತಮ್ಮ ಸಾಕ್ಷಿ ಹೇಳಬೇಕು. ಸಾಕ್ಷಿ ಎಂದರೆ ಅವರಲ್ಲಿ ಇಷ್ಟೇ: ನಾನು ಮೊದಲು ಹೇಗಿದ್ದೆ, ದೇವರು ನನ್ನ ಬಾಳಿನಲ್ಲಿ ಬಂದ ಮೇಲೆ ಹೇಗಾದೆ. ತಂಡದಲ್ಲಿ ಒಬ್ಬರು ಮೊದಲು ಕುಡುಕರಾಗಿದ್ದರು. ಒಬ್ಬಾಕೆ ವಿಷ ಕುಡಿದು ಬದುಕಿ ಬಂದಿದ್ದರು. ಇನ್ನೊಬ್ಬರು ಅಣ್ಣನ ಮೇಲೆ ಮಚ್ಚು ಎತ್ತಿದ್ದರಂತೆ. ಅವರು ಹೇಳುವುದನ್ನು ನಾನು ತಾರಸಿಯ ಮೆಟ್ಟಿಲ ಮೇಲೆ ಕೂತು ಕೇಳಿದ್ದೇನೆ, ಮೈ ಜುಮ್ಮೆನ್ನುತ್ತಿತ್ತು. ಸಿಸ್ಟರ್ ಸರದಿ ಬಂದಾಗ ಮಾತ್ರ ತಂಡದ ನಾಯಕರು ಗಡಿಯಾರ ನೋಡುತ್ತಿದ್ದರು. ಅವರೊಬ್ಬ ಬ್ಯಾಂಕ್ ಅಧಿಕಾರಿ, ಒಳ್ಳೆಯವರೇ, ಆದರೆ ಮಾತು ಕಡ್ಡಿ ಮುರಿದ ಹಾಗೆ.

"ಸಿಸ್ಟರ್, ಇದು ಸಾಕ್ಷಿ ಅಲ್ಲ, ಬಯೋಡೇಟಾ. ಯಾರ ಮನಸ್ಸಿಗೂ ತಾಗಲ್ಲ. ಹೊರಡೋ ಮುಂಚೆ ಚರ್ಚಲ್ಲಿ ಎಲ್ಲರ ಮುಂದೆ ಹೇಳ್ಬೇಕಲ್ಲ, ಆಗ ನೋಡಣ. ಆವತ್ತೂ ಆಗ್ಲಿಲ್ಲ ಅಂದ್ರೆ ನಿಮ್ ಜಾಗಕ್ಕೆ ಬೇರೊಬ್ರು ಕಾಯ್ತಾ ಇದಾರೆ."

ಅವರೆಲ್ಲ ಹೋದ ಮೇಲೆ ಸಿಸ್ಟರ್ ಗೊಂಬೆಗಳನ್ನು ಡಬ್ಬದಲ್ಲಿ ಹಾಕತೊಡಗಿದರು. ನಾನು ಸುಮ್ಮನಿರುವವಳಲ್ಲ. ಹೋಗದಿದ್ದರೆ ಏನು ನಷ್ಟ, ಬಡವರಿಗೆ ಸೂಜಿ ಚುಚ್ಚುವುದನ್ನು ಇಲ್ಲೇ ಮಾಡಬಹುದಲ್ಲ ಎಂದು ಕೇಳಿದೆ.

"ಚಿಕ್ಕೋಳಿದ್ದಾಗಿಂದ ಆಸೆ" ಎಂದರು. "ಹೋಗೋರಿಗೆ ಚರ್ಚಲ್ಲಿ ಹಾರ ಹಾಕಿ ಕಳಿಸ್ತಾರಲ್ಲ, ಪ್ರತಿ ಸಲ ಕೈ ಬೀಸ್ತಾ ನಿಂತಿರ್ತಿದ್ದೆ. ಅಪ್ಪನ್ನ ನೋಡ್ಕೋಬೇಕಿತ್ತು, ಆಮೇಲೆ ಅಮ್ಮನ್ನ. ನನ್ನನ್ನ ಯಾರೂ ಕರೀಲೇ ಇಲ್ಲ. ಈ ಸಲ ಕರೆದಿದ್ದಾರೆ. ಇದು ತಪ್ಪಿದ್ರೆ ಇನ್ನೊಂದ್ಸಲ ಯಾರು ಕರೀತಾರೆ ಹೇಳಿ."

ನನಗೆ ಪಾಪ ಅನ್ನಿಸಿತು. ಅಷ್ಟೇ ಜೋರಾಗಿ ಕುತೂಹಲವೂ ಆಯಿತು. ಕಷ್ಟವೇ ಇಲ್ಲದ ಮನುಷ್ಯರು ಇರುತ್ತಾರೆಯೇ, ಎಲ್ಲೋ ಒಂದು ಬಚ್ಚಿಟ್ಟುಕೊಂಡಿರಬೇಕು, ಅಗೆದರೆ ಸಿಗುತ್ತದೆ ಎಂದುಕೊಂಡೆ.

ಮಾರನೆಯ ದಿನ ಸಿಸ್ಟರ್ ತಾವಾಗಿಯೇ ಕೆಳಗೆ ಬಂದರು. ಕ್ರೈಸ್ತರ ವಿಷಯ ಏನೂ ಗೊತ್ತಿಲ್ಲದವರ ಮುಂದೆ ಹೇಳಿ ನೋಡಬೇಕಂತೆ, ಅಲ್ಲಿ ಕೇಳುವವರೂ ಹಾಗೇ ಇರುತ್ತಾರೆ ಎಂದು ನಾಯಕರು ಹೇಳಿದ್ದರಂತೆ. ಅಂಥವರು ಅವರಿಗೆ ನಮಗಿಂತ ಹತ್ತಿರದಲ್ಲಿ ಯಾರೂ ಇರಲಿಲ್ಲ. ಹೀಗೆ ನಮ್ಮ ಜಗಲಿ ಕೀನ್ಯಾ ಆಯಿತು. ಅತ್ತೆ ಗೋಡೆಗೆ ಒರಗಿ ಕೂತರು. ನಾನು ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡೆ. ಸಿಸ್ಟರ್ ಕೈಕಟ್ಟಿ ನಿಂತು, ಪುಸ್ತಕದ ಕನ್ನಡದಲ್ಲಿ ಶುರು ಮಾಡಿದರು.

"ನಾನು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದೆ. ನನ್ನ ತಾತ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ನನ್ನ ತಂದೆ ತಾಯಿ ನನ್ನನ್ನು ಪ್ರೀತಿಯಿಂದ ಬೆಳೆಸಿದರು. ನರ್ಸಿಂಗ್ ಓದಿದೆ. ದೇವರು ಎಲ್ಲ ಕಾಲದಲ್ಲೂ ನನ್ನ ಸಂಗಡ ಇದ್ದರು. ಈಗಲೂ ಇದ್ದಾರೆ."

ಅತ್ತೆ ಸ್ವಲ್ಪ ಹೊತ್ತು ಕಾದರು. "ಆಮೇಲೆ?"

"ಅಷ್ಟೇ ಅಮ್ಮ."

"ಇಷ್ಟು ಹೇಳಕ್ಕೆ ವಿಮಾನದಲ್ಲಿ ಹೋಗ್ಬೇಕಾ?"

ಸಿಸ್ಟರೇ ಮೊದಲು ನಕ್ಕರು. ಅವರ ನಗು ನಿಲ್ಲುವ ಮೊದಲೇ ನಾನು ವಿಚಾರಣೆ ಶುರು ಮಾಡಿದೆ. ಸುಳ್ಳು ಹೇಳಿದ್ದುಂಟೇ? ಡ್ಯೂಟಿ ತಪ್ಪಿಸಲು ಒಂದೆರಡು ಸಲ. ಕದ್ದಿದ್ದು? ಹಾಸ್ಟೆಲಿನಲ್ಲಿ ರೂಮ್‌ಮೇಟ್‌ಳ ಮಾವಿನಕಾಯಿ ಉಪ್ಪಿನಕಾಯಿ. ಪ್ರೀತಿ ಗೀತಿ? ಇಲ್ಲಿ ಸಿಸ್ಟರ್ ಮುಖ ಸ್ವಲ್ಪ ಕೆಂಪಾಯಿತು, ನನ್ನ ಕಿವಿ ನೆಟ್ಟಗಾಯಿತು.

"ಒಬ್ರು ಇದ್ರು. ಬೇರೆಯವರ್ನ ಮದ್ವೆ ಆದ್ರು."

"ತುಂಬಾ ಅತ್ರಾ?"

ಅವರು ನಿಜವಾಗಿಯೂ ನೆನಪು ಮಾಡಿಕೊಂಡರು. "ಇಲ್ಲ ಮಿಸ್. ಆವತ್ತು ಎಮರ್ಜೆನ್ಸೀಲಿ ಡ್ಯೂಟಿ ಇತ್ತು. ಒಂದು ಬಸ್ಸು ಬೇರೆ ಉರುಳಿ ಬಿದ್ದಿತ್ತು."

ಒಂದು ವಾರ ಇದೇ ನಡೆಯಿತು. ಒಂದು ಸಂಜೆ ಸಿಸ್ಟರ್ ಹೊಸ ಥರ ಶುರು ಮಾಡಿದರು. "ನಾನು ಬಹುಕಾಲ ಕತ್ತಲೆಯಲ್ಲಿದ್ದೆ" ಎಂದು ಕಣ್ಣು ಮುಚ್ಚಿದರು. ತಂಡದ ಯಾರೋ ಸ್ವಲ್ಪ ಮಸಾಲೆ ಸೇರಿಸಿ ಎಂದು ಹೇಳಿಕೊಟ್ಟಿದ್ದರು. ಅತ್ತೆ ಅಲ್ಲೇ ತಡೆದರು.

"ಯಾವ ಕತ್ಲೆ? ಕರೆಂಟ್ ಹೋದ್ರೆ ಟಾರ್ಚ್ ತಗೊಂಡು ಮೊದ್ಲು ಕೆಳಗೆ ಬರೋಳೇ ನೀನು."

ಸಿಸ್ಟರ್ ಕಣ್ಣು ತೆರೆದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. "ನನ್ನತ್ರ ಏನೂ ಇಲ್ಲ ಅಮ್ಮ" ಎಂದರು. ಕಣ್ಣಲ್ಲಿ ನೀರು ಬಂದಿತ್ತು. ಒಳ್ಳೆಯ ಬಾಳು ಬಾಳಿದ್ದಕ್ಕೆ ಒಬ್ಬ ಹೆಂಗಸು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಅತ್ತೆ ಎಲೆಯಡಿಕೆ ಉಗುಳಿ ಬಂದು ಬಾಯಿ ತೊಳೆದುಕೊಂಡರು. ಮತ್ತೆ ಅದೇ ಜಾಗದಲ್ಲಿ ಕೂತು, ಅಕ್ಕಿ ಸಾಲದಿದ್ದರೆ ನಮ್ಮನೆಯಿಂದ ಒಂದು ಪಾವು ತಗೊಂಡು ಹೋಗು ಎನ್ನುವ ದನಿಯಲ್ಲೇ ಹೇಳಿದರು.

"ನಿನ್ನತ್ರ ಇಲ್ದಿದ್ರೆ ನಂದು ತಗೊಂಡ್ ಹೋಗು. ನನ್ನತ್ರ ಒಂದಿದೆ, ಸುಮ್ನೆ ಬಿದ್ದಿದೆ."

ಆಮೇಲೆ ಅವರು ಹೇಳಿದ್ದನ್ನು ನಾನು ಆ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಕೇಳಿರಲಿಲ್ಲ. ನನ್ನ ಗಂಡನಿಗಿಂತ ಮುಂಚೆ ಒಂದು ಹುಟ್ಟಿ ಹೋಗಿತ್ತು ಎಂದು ಮಾತ್ರ ಗೊತ್ತಿತ್ತು. ಹಳ್ಳಿಯ ಮನೆಗಳಲ್ಲಿ ಅಂಥದ್ದು ಬೇಕಾದಷ್ಟು, ಯಾರೂ ಅದನ್ನು ಕೆದಕುವುದಿಲ್ಲ. ಅದು ಹುಟ್ಟಿದ ಕೂಡಲೇ ಹೋದದ್ದಲ್ಲ, ಓಡಾಡುವ, ಮಾತಾಡುವ ಹೆಣ್ಣುಮಗು. ಆ ಕಾಲದಲ್ಲಿ ಅತ್ತೆ ದಿನಾ ಬೆಳಗ್ಗೆ ರಿಚರ್ಡ್ಸ್ ಟೌನ್‌ನ ಬಂಗಲೆಗಳಿಗೆ ಹಾಲು ಹೊತ್ತುಕೊಂಡು ಹೋಗುತ್ತಿದ್ದರು. ಮಗುವಿಗೆ ಗಂಟಲು ಕಟ್ಟಿ ಜ್ವರ ಬಂದಿತ್ತು.

"ಹಾಲು ಹಾಕ್ಬಿಟ್ಟು ಬೇಗ ಬರ್ತೀನಿ, ಬಂದು ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ ಅಂದೆ. ಹೂಂ ಅಂತು. ಬರೋ ಹೊತ್ಗೆ ಅಂಗಳದಲ್ಲಿ ಜನ ನಿಂತಿದ್ರು. ಆಮೇಲೆ ನಾನು ಯಾರ ಜೊತೇಲೂ ಮಾತಾಡ್ಲಿಲ್ಲ. ನಮ್ಮತ್ತೆ ಬೈದ್ರು, ಗಂಡ ಹೊಡ್ದ, ಪೂಜಾರಿ ಮೈಮೇಲೆ ದೇವ್ರು ಬರಿಸಿದ್ರು, ಮಾತಾಡ್ಲಿಲ್ಲ. ಎಮ್ಮೆ ಜೊತೆ ಮಾತ್ರ ಮಾತಾಡ್ತಿದ್ದೆ. ಊರಲ್ಲಿ ಮೂಗಿ ಅಂತ್ಲೇ ಕರೆಯಕ್ಕೆ ಶುರು ಮಾಡಿದ್ರು."

"ಮತ್ತೆ ಯಾವಾಗ ಮಾತಾಡಿದ್ರಿ?" ಎಂದು ಕೇಳಿದ್ದು ನಾನೇ. ಇನ್ಯಾರು ಕೇಳುತ್ತಾರೆ.

"ಎಮ್ಮೆ ಕರು ಹಾಕೋವಾಗ ಅಡ್ಡ ಸಿಕ್ಕೊಂತು. ಒಬ್ಳ ಕೈಲಿ ಆಗ್ಲಿಲ್ಲ. ಯಾರಾದ್ರೂ ಬನ್ರಪ್ಪಾ ಅಂತ ಕೂಗ್ದೆ. ಬಂದ್ರು." ಅತ್ತೆ ಸಿಸ್ಟರ್ ಕಡೆ ತಿರುಗಿದರು. "ಇದನ್ನೇ ನಿಂದು ಅಂತ ಹೇಳು. ಕೊನೇಲಿ ಎಮ್ಮೆ ತೆಗೆದು ನಿಮ್ ದೇವ್ರನ್ನ ಇಟ್ಕೊ. ಆಫ್ರಿಕಾದೋರಿಗೆ ಏನ್ ಗೊತ್ತಾಗುತ್ತೆ."

ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಆದರೂ ಮೇಷ್ಟ್ರ ಬುದ್ಧಿ ನೋಡಿ, ಇದು ಸರಿಯಾಗಿ ಮೂರು ನಿಮಿಷಕ್ಕೆ ಬರುತ್ತದೆ ಎಂಬ ಯೋಚನೆಯೂ ತಲೆಯಲ್ಲಿ ಸುಳಿದು ಹೋಯಿತು. ಸಿಸ್ಟರ್ ತೆಗೆದುಕೊಳ್ಳುತ್ತೇನೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಎದ್ದು ಬಂದು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ನಾನು ಕಾಫಿ ಮಾಡಲು ಒಳಗೆ ಹೋದೆ.

ಆಮೇಲೆ ತಾಲೀಮು ನಿಂತುಹೋಯಿತು. ನನಗೆ ದಿಗಿಲು. ಚರ್ಚಿನ ಭಾನುವಾರ ಹತ್ತಿರ ಬರುತ್ತಿದೆ, ಈಕೆ ನೋಡಿದರೆ ಡ್ಯೂಟಿ ಮುಗಿಸಿ ಬಂದವರು ಬಟ್ಟೆ ಕೂಡ ಬದಲಾಯಿಸದೆ ಅತ್ತೆಯ ಹತ್ತಿರ ಕೂರುತ್ತಾರೆ. ಅವರೆಕಾಯಿ ಸುಲಿಯುತ್ತ ಇಬ್ಬರೂ ಮೆಲ್ಲಗೆ ಮಾತಾಡುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ಬೇರೆ ಕಡೆ ಹೊರಳುತ್ತಿತ್ತು. ಮಗು ಏನು ತಿನ್ನುತ್ತಿತ್ತು, ಯಾವ ಬಣ್ಣದ ಲಂಗ, ಮಲಗುವಾಗ ಏನನ್ನು ಹಿಡಿದುಕೊಳ್ಳುತ್ತಿತ್ತು, ಇಂಥ ಚೂರುಗಳು ಕಿಟಕಿಯಿಂದ ಕೇಳುತ್ತಿದ್ದವು. ನನ್ನ ಪ್ರಶ್ನೆಗಳೆಲ್ಲ ಮುಂದೇನಾಯಿತು ಎಂದು ತಿಳಿಯಲು ಇರುತ್ತಿದ್ದವು. ಸಿಸ್ಟರ್ ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ ಥರ. ಅವನ್ನು ಕೇಳಿದ್ದರಿಂದ ಕಥೆ ಒಂದು ಹೆಜ್ಜೆಯೂ ಮುಂದಕ್ಕೆ ಹೋಗುತ್ತಿರಲಿಲ್ಲ, ಮಗು ಮಾತ್ರ ಹತ್ತಿರ ಬರುತ್ತಿತ್ತು.

ಭಾನುವಾರ ನಾವು ಮೂವರೂ ಚರ್ಚಿಗೆ ಹೋದೆವು. ನನ್ನ ಗಂಡನನ್ನು ಕ್ರಿಕೆಟ್ ಮ್ಯಾಚಿನ ಮುಂದಿನಿಂದ ಎಬ್ಬಿಸಿದ್ದು ಅತ್ತೆ. ತಾವು ಹಾಲು ಹಾಕುತ್ತಿದ್ದ ಬೀದಿಗಳನ್ನು ಆಟೋದಿಂದ ತಲೆ ಹೊರಗೆ ಹಾಕಿ ನೋಡಿದರು. ಒಂದು ತಿರುವಿನಲ್ಲಿ ಸೆರಗಿನಿಂದ ಮೂಗು ಒರೆಸಿಕೊಂಡರು. ಚರ್ಚಿನೊಳಗೆ ಚಪ್ಪಲಿ ಹಾಕಿಕೊಂಡೇ ಬರುತ್ತಾರೆ ಎಂಬುದು ಅವರಿಗೆ ಸರಿಬರಲಿಲ್ಲ. ತಮ್ಮದನ್ನು ಬಾಗಿಲಲ್ಲೇ ಬಿಟ್ಟು ಬಂದು ಮೂರನೇ ಸಾಲಿನ ಬೆಂಚಿನ ಮೇಲೆ ಕಾಲು ಮಡಿಸಿ ಕೂತರು.

ತಂಡದವರು ಒಬ್ಬೊಬ್ಬರಾಗಿ ಮುಂದೆ ಬಂದು, ಯಾರಿಗೆ ಯಾವ ಭಾಷೆ ಸಲೀಸೋ ಅದರಲ್ಲಿ ಹೇಳಿದರು. ಕುಡಿತ ಬಿಟ್ಟವರು ಹೇಳಿದರು, ವಿಷದಿಂದ ಉಳಿದಾಕೆ ಹೇಳಿದರು. ಒಬ್ಬೊಬ್ಬರು ಮುಗಿಸಿದಾಗಲೂ ಪಾಸ್ಟರ್ ಸಭೆಯನ್ನು ಒಂದು ಪ್ರಶ್ನೆ ಕೇಳುತ್ತಿದ್ದರು: ಇವರು ತಿರುಗಿ ಬರುವ ತನಕ ಪ್ರತಿದಿನ ಇವರಿಗಾಗಿ ಪ್ರಾರ್ಥನೆ ಮಾಡಲು ಯಾರು ನಿಲ್ಲುತ್ತೀರಿ? ಆಗ ಹೆಂಡತಿಯೋ ಗೆಳೆಯನೋ ಎದ್ದು ನಿಲ್ಲುತ್ತಿದ್ದರು. ಅದು ಆ ಚರ್ಚಿನ ಪದ್ಧತಿ. ಹಾಗೆ ಒಬ್ಬರಾದರೂ ನಿಲ್ಲದೆ ಯಾರನ್ನೂ ಕಳಿಸುತ್ತಿರಲಿಲ್ಲ ಎಂದು ಪಕ್ಕದಲ್ಲಿ ಕೂತಾಕೆ ನನಗೆ ಪಿಸುಗುಟ್ಟಿದರು. ನಾನು ಅದನ್ನು ಅತ್ತೆಯ ಕಿವಿಗೆ ದಾಟಿಸಿದೆ.

ಕೊನೆಯಲ್ಲಿ ಸಿಸ್ಟರ್ ಬಂದರು. ಎಮ್ಮೆ ಇರುತ್ತದೋ ದೇವರು ಇರುತ್ತಾರೋ ಎಂದು ಕಾದು ಕೂತೆ. ಅವರು ಕನ್ನಡದಲ್ಲಿ ಹೇಳಿದರು, ಪುಸ್ತಕದ್ದಲ್ಲ, ನಮ್ಮ ಜಗಲಿಯದು.

"ನನಗೇನೂ ಆಗಿಲ್ಲ. ಹೇಳ್ಕೊಳ್ಳೋ ಅಂಥ ಕಷ್ಟ ದೇವ್ರು ನನಗೆ ಕೊಡ್ಲಿಲ್ಲ. ಯಾಕೆ ಕೊಡ್ಲಿಲ್ಲ ಅಂತ ಇಷ್ಟು ದಿನ ಕೇಳ್ತಾ ಇದ್ದೆ. ಒಬ್ರು ತಮ್ಮ ಕಷ್ಟಾನೇ ನನಗೆ ಕೊಟ್ರು, ಇದನ್ನ ಇಟ್ಕೊಂಡು ಹೋಗು ಅಂದ್ರು. ಅದು ನಂದಲ್ಲ, ನಾನು ಹೇಳಲ್ಲ. ಆದ್ರೆ ಅದನ್ನ ಕೂತ್ಕೊಂಡು ಕೇಳ್ದೆ. ನನಗೆ ಬರೋದು ಅದೊಂದೇ. ಅಲ್ಲೂ ಕೇಳ್ತೀನಿ. ಅಷ್ಟು ಸಾಕಾಗುತ್ತೆ ಅಂದ್ರೆ ಕಳ್ಸಿ."

ಒಂದು ನಿಮಿಷವೂ ಆಗಿರಲಿಲ್ಲ. ಯಾರೂ ಹಲ್ಲೆಲೂಯ ಎನ್ನಲಿಲ್ಲ. ನಾಯಕರು ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದರು. ಪಾಸ್ಟರ್ ಕೇಳಿದರು, ಇವರಿಗಾಗಿ ಯಾರು ನಿಲ್ಲುತ್ತೀರಿ? ಸಿಸ್ಟರಿಗೆ ಮನೆಯವರು ಯಾರೂ ಉಳಿದಿರಲಿಲ್ಲ. ಆಸ್ಪತ್ರೆಯ ಗೆಳತಿಯರಿಗೆ ಡ್ಯೂಟಿ. ಜನ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ನನ್ನ ಪಕ್ಕದ ಬೆಂಚು ಕಿರ್ ಎಂದಿತು. ಅತ್ತೆ ಎದ್ದು ನಿಂತಿದ್ದರು, ಬರಿಗಾಲಲ್ಲಿ, ಹಣೆ ತುಂಬ ಕುಂಕುಮದಲ್ಲಿ.

ಇಡೀ ಸಭೆ ತಿರುಗಿ ನೋಡಿತು. ನಾಯಕರೇ ಮೊದಲು ಮಾತಾಡಿದರು. "ಅಮ್ಮಾ, ಇದು ಪ್ರಾರ್ಥನೆ ಮಾಡೋಕೆ."

"ಗೊತ್ತು. ನಮ್ಮ ಮುನೇಶ್ವರನಿಗೆ ದಿನಾ ದೀಪ ಹಚ್ತೀನಿ. ಇವಳು ಬರೋ ತನಕ ಇವಳ ಹೆಸ್ರು ಹೇಳಿ ಹಚ್ತೀನಿ. ಆಗಲ್ಲ ಅಂದ್ರೆ ಹೇಳ್ಬಿಡಿ, ಕೂತ್ಕೋತೀನಿ."

ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ಪಾಸ್ಟರ್ ವಯಸ್ಸಾದವರು. ಕನ್ನಡಕ ತೆಗೆದು ಅತ್ತೆಯನ್ನೇ ನೋಡಿದರು.

"ಇವರು ನಿಮಗೆ ಏನಾಗ್ಬೇಕಮ್ಮ?"

"ಬಾಡಿಗೆಗಿದ್ದಾಳೆ" ಎಂದರು ಅತ್ತೆ. ಅದು ಸಾಲದು ಎಂದು ಅವರಿಗೇ ಅನ್ನಿಸಿರಬೇಕು. "ನನ್ ಮಗು ಹೋಗಿ ಕಾಲ ಆಯ್ತು. ಹೆಂಗ್ ಹೋಯ್ತು ಅಂತ ಎಲ್ರೂ ಕೇಳಿದ್ರು. ಹೆಸ್ರೇನು ಅಂತ ಕೇಳಿದ್ದು ಇವಳೊಬ್ಳೇ."

ಪಾಸ್ಟರ್ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಸಿಸ್ಟರ್ ಕಡೆ ತಿರುಗಿ, "ಹೋಗಿ ಬಾಮ್ಮ" ಎಂದರು. ನಾಯಕರು ಪೆನ್ನನ್ನು ಜೇಬಿಗೆ ಹಾಕಿಕೊಂಡು, ಮಂಗಳವಾರ ಸಂಜೆ ಸಾಮಾನು ತೂಕ ಮಾಡ್ತೀವಿ ಸಿಸ್ಟರ್, ತಡ ಮಾಡ್ಬೇಡಿ ಎಂದರು. ಸಿಸ್ಟರ್ ಕೈಯಲ್ಲಿ ಮುಖ ಮುಚ್ಚಿಕೊಂಡರು. ನನಗೆ ಎಷ್ಟು ಸಂತೋಷವಾಯಿತೆಂದರೆ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟೆ.

ಅತ್ತೆ ಇನ್ನೂ ನಿಂತೇ ಇದ್ದರು, ಕೂರಬಹುದೆಂದು ಯಾರೂ ಹೇಳಿರಲಿಲ್ಲ. ನನ್ನ ಗಂಡ ಆಚೆ ಕಡೆಯಿಂದ ತಾಯಿಯ ಸೆರಗು ಹಿಡಿದು ಮೆಲ್ಲಗೆ ಜಗ್ಗಿದರು. ಅತ್ತೆ ಕೂತ ಮೇಲೂ ಅವರು ಸೆರಗು ಬಿಡಲಿಲ್ಲ.

"ಏನಮ್ಮ ನಮ್ಮಕ್ಕನ ಹೆಸ್ರು?" ಎಂದು ಕೇಳಿದರು.